ತಮ್ಮನಿಗೆ ಜ್ಞಾನೋದಯವಾದ ಇಪ್ಪತ್ತು ದಿನ

ನನ್ನ ತಮ್ಮ ಚಿಕ್ಕಹನುಮಯ್ಯ ಬಾಯಿ ತೆರೆದರೆ ಯಲಹಂಕದ ನಮ್ಮ ಬೀದಿಗೆಲ್ಲ ಕೇಳಿಸುತ್ತಿತ್ತು. ಹಾಲಿನವನು, ಸೊಸೆ ಸಂಯುಕ್ತಾ, ಎದುರಿನ ಪಂಕ್ಚರ್ ಅಂಗಡಿಯ ಖಾದರ್ ಬಾಷಾ, ಯಾರನ್ನೂ ಬಿಟ್ಟವನಲ್ಲ. ಅಂಥವನು ಒಂದೇ ವಾರದಲ್ಲಿ ಮೆತ್ತಗಾದ. ಬೈಗುಳ ನಿಂತಿತು. ಊಟ ಅರ್ಧಕ್ಕಿಳಿಯಿತು. ಸುಮ್ಮನೆ ಗೋಡೆ ನೋಡುತ್ತ ಕೂರುತ್ತಿದ್ದ.

"ಮಾವನೋರು ಮಾಗಿದಾರೆ ಕಣ್ರೀ," ಎಂದಳು ಸಂಯುಕ್ತಾ. ಅವಳ ಗಂಡ ಭೀಮರಾಜ್ ತಲೆಯಾಡಿಸಿದ. ಮನೆಗೆ ನೆಮ್ಮದಿ ಬಂದಿತ್ತು. ಯಾಕೆ ಬಂತೆಂದು ಕೇಳುವಷ್ಟು ದಡ್ಡರು ಯಾರಿದ್ದಾರೆ?

ಒಂದು ದಿನ ತಮ್ಮ, "ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ," ಎಂದ. ಸಂಯುಕ್ತಾ ಅದನ್ನು ಸೂರ್ಯೋದಯದ ಚಿತ್ರದ ಮೇಲೆ ಬರೆದು ಸ್ಟೇಟಸ್ ಹಾಕಿದಳು. ಅದನ್ನು ನೋಡಿದ ಚಿಕ್ಕಜಾಲದ ಬೀಗರು ಹಣ್ಣು ತಂದು ಕಾಲಿಗೆ ಬಿದ್ದರು. ಇವನು ಅತ್ತ. ಆನಂದಬಾಷ್ಪ ಎಂದರು.

ಖಾದರ್ ಬಾಷಾ ಮಾತ್ರ ಗೇಟಿನ ಹತ್ತಿರ ನನ್ನನ್ನು ತಡೆದ. "ಅಕ್ಕಾ, ಅಣ್ಣೋರು ನನ್ನ ಬೈದು ಇಪ್ಪತ್ ದಿನ ಆಯ್ತು. ಬೇಕಂತ್ಲೇ ಟೈರು ನಿಮ್ ಗೇಟಿಗೆ ಅಡ್ಡ ಇಟ್ಟೆ. ಸುಮ್ನೆ ದಾಟ್ಕೊಂಡ್ ಹೋದ್ರು. ಭಯ ಆಗ್ತೈತೆ."

ಮಾತ್ರೆಯ ಹೆಸರು ಓದಲು ನನಗೆ ಬಾರದು, ದಿನ ಮರೆಯುವುದಿಲ್ಲ. ಬೈಗುಳ ನಿಂತದ್ದು ಮಂಗಳವಾರ. ಅದರ ಹಿಂದಿನ ಗುರುವಾರ ಬಿಪಿಗೆಂದು ಹೊಸ ಮಾತ್ರೆ ಬಂದಿತ್ತು, ಹಸಿರು ಪಟ್ಟಿಯದು.

ಮರುದಿನ ಎಲ್ಲರನ್ನೂ ಡಾಕ್ಟರ ಹತ್ತಿರ ಹೊರಡಿಸಿದೆ. ಹೇಗಿದ್ದೀರಿ ಎಂದು ಅವರು ತಮ್ಮನನ್ನು ಕೇಳಿದರೆ ಸಂಯುಕ್ತಾ ಉತ್ತರ ಕೊಟ್ಟಳು: "ಸೂಪರ್ ಡಾಕ್ಟ್ರೇ, ಫುಲ್ ಶಾಂತ."

"ಶಾಂತ ಅಲ್ಲ," ಎಂದೆ. "ಬದುಕೇ ಬ್ಯಾಡ ಅನ್ನೋ ಅಂಗವ್ನೆ. ನೀವು ಹಸಿರು ಪಟ್ಟಿ ಕೊಟ್ರಲ್ಲ, ಅಲ್ಲಿಂದ ಇಂಗೆ."

ಡಾಕ್ಟರು ಹಳೇ ಚೀಟಿ ನೋಡಿದರು. ಸಾಯಬೇಕು ಅನಿಸುತ್ತಾ ಎಂದು ತಮ್ಮನನ್ನೇ ಕೇಳಿದರು. ಅವನು ಹೂಂ ಎಂದ. ಭೀಮರಾಜ್ ಆಗ ಫೋನು ಕೆಳಗಿಟ್ಟ.

"ಕೆಲವ್ರಿಗೆ ಕೆಲವು ಮಾತ್ರೆಯಿಂದ ಮನಸ್ಸು ಕುಗ್ಗಬಹುದಮ್ಮ. ಇದ್ರಿಂದ್ಲೇ ಅಂತ ಈಗ್ಲೇ ಹೇಳಕ್ಕಾಗಲ್ಲ, ಆದ್ರೆ ಬದಲಾಯಿಸೋಣ. ನೀವಾಗೇ ನಿಲ್ಲಿಸ್ಬೇಡಿ, ನಾನ್ ಹೇಳ್ದಂಗೆ ಇಳಿಸಿ. ಮನೋವೈದ್ಯರನ್ನ ಇವತ್ತೇ ನೋಡಿ. ಇವ್ರನ್ನ ಒಬ್ರನ್ನೇ ಬಿಡ್ಬೇಡಿ."

ಸಂಯುಕ್ತಾ ಮೆಲ್ಲಗೆ ಕೇಳಿದಳು: "ಬದಲಾಯಿಸಿದ್ರೆ ಕೋಪ ವಾಪಸ್ ಬರುತ್ತಾ?"

"ಬರ್ಲಿ ಬಿಡಮ್ಮ," ಎಂದರು ಡಾಕ್ಟರು.

ಎರಡು ತಿಂಗಳ ಮೇಲೆ ಬಾಗಲೂರಿನಿಂದ ಯಾರೋ ಹೊಸ ಗಂಡ ಹೆಂಡತಿ ಆಶೀರ್ವಾದಕ್ಕೆಂದು ಬಂದರು. ತಮ್ಮ ಊಟಕ್ಕೆ ಕೂತಿದ್ದ. "ಉಣ್ಣೋ ಹೊತ್ನಲ್ಲಿ ಕಾಲ್ ಹಿಡಿಯಕ್ಕೆ ಬರ್ತೀರಲ್ಲ, ನಿಮ್ಮನೇಲಿ ಯಾರಿಗೂ ಕಾಲಿಲ್ವಾ?" ಎಂದ. ಅವರು ಚಪ್ಪಲಿ ಹುಡುಕಿದರು. ಸಂಯುಕ್ತಾ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅವನ ತಟ್ಟೆಗೆ ಎರಡನೇ ಮುದ್ದೆ ಇಟ್ಟೆ. ಮುರಿದು ನೋಡಿ, ಗಟ್ಟಿಯಾಗಿದೆ ಎಂದು ನನಗೂ ಬೈದ.

ಗಟ್ಟಿಯಾಗಿಯೇ ಇತ್ತು.