ದಂಟಿನ ವೇಗ

ಮೇವು ಕತ್ತರಿಸುವ ಮಿಷನ್ನಿನ ಬಾಯಿಯ ಮೇಲೆ ತಂಗಿ ಕೂರಿಸಿದ್ದ ಕಣ್ಣು ಬೆಂಕಿಪೊಟ್ಟಣಕ್ಕಿಂತ ದೊಡ್ಡದಿರಲಿಲ್ಲ. ನೊಣದ ಕಣ್ಣನ್ನು ನೋಡಿ ಕಲಿತು ಅವಳೇ ಮಾಡಿದ್ದು. ಅದಕ್ಕೆ ಆಕಾರ ಕಾಣದು. ಅದರೊಳಗಿನ ಒಂದು ಚುಕ್ಕೆಗಣ್ಣು ಕಂಡದ್ದನ್ನು ಪಕ್ಕದ ಚುಕ್ಕೆಗಣ್ಣು ಎಷ್ಟು ತಡವಾಗಿ ಕಂಡಿತು ಎನ್ನುವುದರಿಂದ ಚಲನೆಯ ದಿಕ್ಕು, ವೇಗ ತಿಳಿಯುತ್ತದೆ. ಮೇವಿನ ದಂಟಿನ ವೇಗದಲ್ಲಿ ಹೋಗುವುದನ್ನು ಒಳಗೆ ಬಿಡು, ಬೇರೆ ಏನು ನುಗ್ಗಿದರೂ ಮಿಷನ್ ನಿಲ್ಲಿಸು ಎಂದು ಕಲಿಸಿದ್ದಳು. ಹೋದ ವರ್ಷ ಇದೇ ಮಿಷನ್ ಅಣ್ಣನ ಬಲಗೈಯಲ್ಲಿ ಹೆಬ್ಬೆರಳೊಂದನ್ನು ಮಾತ್ರ ಉಳಿಸಿತ್ತು. ಅಂದಿನಿಂದ ಮೇವು ತಳ್ಳುವವಳು ಅತ್ತಿಗೆ. ಅವಳ ಕೈ ಉಳಿಯಬೇಕು, ಅಷ್ಟಕ್ಕೇ ಈ ಕಣ್ಣು.

ಕೂರಿಸಿ ತಿಂಗಳಾದ ಮೇಲೆ ತಂಗಿ ನೋಡಿಹೋಗಲು ಬಂದಳು.

“ನಿನ್ನ ನೊಣ ಚುರುಕಾಗಿದೆ ಕಣಮ್ಮ,” ಎಂದ ಅಣ್ಣ. “ಮೊನ್ನೆ ಕೋಳಿ ಹಾರಿ ಬಂತು, ಟಕ್ಕಂತ ನಿಂತುಬಿಡ್ತು.”

“ನನ್ನ ಮಾತಿಗೆ ಈ ಮನೇಲಿ ಅಷ್ಟು ಬೇಗ ಯಾರೂ ನಿಂತಿಲ್ಲ,” ಎಂದಳು ಅತ್ತಿಗೆ, ದಂಟು ಹಾಕುತ್ತ.

ಅವಳ ಅಂಗೈ ದಂಟಿನ ಮೇಲೆ ಒರಗಿ, ಅದರ ಜೊತೆಗೇ ಒಳಕ್ಕೆ ಸಾಗುತ್ತಿತ್ತು. ಕಣ್ಣಿನ ನೋಟ ಶುರುವಾಗುವ ಕೆಂಪು ಗೆರೆಯ ಹತ್ತಿರ ಹಿಂದಕ್ಕೆ ಬರುತ್ತಿತ್ತು. ತಂಗಿ ನೋಡುತ್ತ ನಿಂತಳು. ಅವಳ ಪ್ರಯೋಗಾಲಯದಲ್ಲಿ ಕಣ್ಣನ್ನು ಪರೀಕ್ಷಿಸುವಾಗ ಎಲ್ಲರೂ ಬಟ್ಟೆ ತುಂಬಿದ ಕೈಗವಸನ್ನು ಒಮ್ಮೆಲೇ ನುಗ್ಗಿಸಿದ್ದರು. ಹೀಗೆ ದಂಟಿನ ಜೊತೆಗೇ ಸಾಗಿಸಿ ಯಾರೂ ನೋಡಿರಲಿಲ್ಲ.

“ಅತ್ತಿಗೆ, ತಳ್ಳೋ ಕೋಲೆಲ್ಲಿ?”

“ಒಲೆಗೆ ಹಾಕಿದೆ. ನಿನ್ನ ಕಣ್ಣಿದೆಯಲ್ಲ.”

ತಂಗಿ ಹಳದಿ ರಬ್ಬರಿನ ಕೈಗವಸಿಗೆ ಒದ್ದೆ ಬಟ್ಟೆ ತುರುಕಿ, ದಂಟಿನ ಮೇಲೆ ಮಲಗಿಸಿ ಬಿಟ್ಟಳು. ಅದು ದಂಟಿನ ವೇಗದಲ್ಲೇ ಗೆರೆ ದಾಟಿತು. ಮಿಷನ್ ನಿಲ್ಲಲಿಲ್ಲ, ಸದ್ದೂ ಬದಲಾಗಲಿಲ್ಲ.

ಅಣ್ಣ ಸ್ವಿಚ್ ಆರಿಸಿದ.

“ಕೋಳಿಗಾದ್ರೆ ನಿಲ್ಲುತ್ತೆ,” ಎಂದ.

ತಂಗಿಗೆ ಅಳು ಬರಬೇಕಿತ್ತು, ಹೆದರಿಕೆಯಾದರೂ ಆಗಬೇಕಿತ್ತು. ಹಲ್ಲು ಕೀಳುವ ಮುಂಚೆ ಸೂಜಿ ಹಾಕಿಸಿಕೊಂಡ ದವಡೆಯ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಸ್ಕ್ರೂ ಬಿಚ್ಚಿ ಕಣ್ಣನ್ನು ಕಳಚಿದಳು.

“ಸರಿಮಾಡೋಕೆ ಎಷ್ಟು ದಿನ ಬೇಕು?” ಅತ್ತಿಗೆ ಕೇಳಿದಳು.

“ಗೊತ್ತಿಲ್ಲ. ಕೋಲಿಲ್ಲದೆ ಇನ್ನು ಮುಟ್ಟಬೇಡಿ.”

“ಹೂಂ.” ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡಳು, ಒದ್ದೆಯಿರಲಿಲ್ಲ.

ಕೊಟ್ಟಿಗೆಯಲ್ಲಿ ಹಸುಗಳು ಕೂಗುತ್ತಿದ್ದವು. ರಬ್ಬರು ಬೆರೆತ ಮೇವನ್ನು ಹಾಕುವಂತಿರಲಿಲ್ಲ. ಮೂವರೂ ಗುಡ್ಡೆಯ ಸುತ್ತ ಕುಕ್ಕರುಗಾಲಲ್ಲಿ ಕೂತು ಹಳದಿ ಚೂರು ಆರಿಸತೊಡಗಿದರು. ಅಣ್ಣ ಎಡಗೈಯಿಂದ ಆರಿಸಿ ಬಲ ಅಂಗೈಯಲ್ಲಿ ಕೂಡಿಡುತ್ತಿದ್ದ. ಚೂರುಗಳು ಜಾರತೊಡಗಿದಾಗ ತಂಗಿ ಆ ಅಂಗೈಯ ಕೆಳಗೆ ಬುಟ್ಟಿ ಹಿಡಿದಳು.