ಲಾಳಿಗೆ ಕೊಟ್ಟ ಮುತ್ತು

ನೂಲು ಮುಗಿದು ಮಗ್ಗವೊಂದು ನಿಂತಿತು. ದೆಲಿಮಾ ನೂಲು ಸುತ್ತಿದ ಹೊಸ ಕಂಡಿಕೆಯನ್ನು ಲಾಳಿಯೊಳಗೆ ಕೂರಿಸಿ, ಅದರ ಪಕ್ಕದ ಸಣ್ಣ ಕಣ್ಣಿಗೆ ತುಟಿಯಿಟ್ಟು ಒಮ್ಮೆ ಉಸಿರೆಳೆದಳು. ನೂಲಿನ ತುದಿ ಹೊರಗೆ ಬಂತು, ಅದರ ಜೊತೆಗೆ ಹತ್ತಿಯ ಧೂಳು, ಎಣ್ಣೆಯ ಕಹಿ. ಉಗುಳಿ, ಲಾಳಿಯನ್ನು ಮಗ್ಗಕ್ಕಿಟ್ಟು, ಹಿಡಿ ಎಳೆದು ಮುಂದಿನ ಮಗ್ಗಕ್ಕೆ ನಡೆದಳು. ಫಾಲ್ ರಿವರ್ ಊರಿನ ನೇಕಾರ್ತಿಯರು ಇದನ್ನು ಲಾಳಿಗೆ ಮುತ್ತು ಕೊಡುವುದು ಎನ್ನುತ್ತಿದ್ದರು.

ಮಗ್ಗಗಳ ಗದ್ದಲದಲ್ಲಿ ಮಾತು ಕೇಳಿಸದು. ತುಟಿ ನೋಡಿಯೇ ಅರ್ಥ ಮಾಡಿಕೊಳ್ಳಬೇಕು. ಪಕ್ಕದ ಸಾಲಿನ ಎಕ್ಸಿಲ್ದಾ ತುಟಿಯಾಡಿಸಿದಳು: "ನನ್ನ ಗಂಡನಿಗೆ ಇದರಲ್ಲಿ ಕಾಲುಭಾಗ ಮುತ್ತು ಕೊಟ್ಟಿದ್ರೆ, ಅವನು ಕುಡಿಯೋದು ಬಿಟ್ಟು ಮನೇಲಿ ಇರ್ತಿದ್ದ ಕಣೇ!"

ದೆಲಿಮಾ ನಕ್ಕಳು. ನಗು ಕೆಮ್ಮಾಯಿತು. ಸೆರಗಿನಂತೆ ಇಳಿಬಿಟ್ಟಿದ್ದ ಏಪ್ರನ್ನಿನ ಅಂಚನ್ನು ಬಾಯಿಗೊತ್ತಿ, ಮಡಿಸಿ, ಒಳಗೆ ಸೇರಿಸಿಕೊಂಡಳು. ಎದುರಿನ ಮಗ್ಗದ ಬಳಿ ಅವಳ ಸತ್ತ ಅಕ್ಕನ ಮಗಳು ಆಲ್ಬಿನಾ ಮತ್ತೊಂದು ಲಾಳಿಯನ್ನೆತ್ತಿ ಬಾಯಿಗಿಟ್ಟುಕೊಳ್ಳುತ್ತಿದ್ದಳು. ಕೆಲಸ ಕಲಿಯಲೆಂದು ಹುಡುಗಿಯನ್ನು ಚಿಕ್ಕಮ್ಮನ ಮಗ್ಗಗಳಿಗೇ ಹಾಕಿದ್ದರು. ಇಬ್ಬರ ಬಾಯಿಗೂ ಅವೇ ಲಾಳಿಗಳು.

ಮಧ್ಯಾಹ್ನ ಗಿರಣಿಯ ಬಾಗಿಲಲ್ಲಿ ಟೋಪಿ ಧರಿಸಿದ ಹೆಂಗಸೊಬ್ಬಳು ಕರಪತ್ರ ಹಂಚುತ್ತಿದ್ದಳು. ಬಾಸ್ಟನ್ನಿನಿಂದ ಬಂದವಳು, ಮಿಸ್ ವಿಟ್ಕಾಂಬ್. "ಬಾಯಿಂದ ನೂಲು ಎಳೀಬೇಡಿ ಅಮ್ಮಾ. ಒಬ್ಬರ ಕ್ಷಯ ಇನ್ನೊಬ್ಬರಿಗೆ ಹತ್ತುತ್ತೆ. ಈಗ ಕಾನೂನೇ ಬಂದಿದೆ, ಮಾಲೀಕರು ಕೈಯಿಂದ ಪೋಣಿಸೋ ಲಾಳಿ ಕೊಡಬೇಕು ಅಂತ. ಅಲ್ಲೀ ತನಕ ಕೊಕ್ಕೆ ಹಾಕಿ ಎಳೀರಿ."

"ನಿಮ್ಮ ಕಾನೂನು ಬಂದು ನಮ್ಮ ಎಂಟು ಮಗ್ಗ ಓಡಿಸುತ್ತಾ ಮೇಡಂ?" ಎಂದಳು ಎಕ್ಸಿಲ್ದಾ. "ಕೊಕ್ಕೆಯಿಂದ ಎಳೀತಾ ಕೂತ್ರೆ ಅಷ್ಟೊತ್ತಿಗೆ ಮೂರು ಮಗ್ಗ ನಿಂತಿರುತ್ತೆ. ನೆಯ್ದಷ್ಟಕ್ಕೇ ತಾನೇ ನಮಗೆ ಕೂಲಿ?"

ಮೇಸ್ತ್ರಿ ಹ್ಯಾಲಿವೆಲ್ ಕೇಳಿಸಿಕೊಂಡು ಹತ್ತಿರ ಬಂದ. ಅವನೂ ಮಗ್ಗಗಳ ನಡುವೆಯೇ, ಇಂಗ್ಲೆಂಡಿನಲ್ಲಿ ಬೆಳೆದವನು, ಮುಂಬಲ್ಲುಗಳು ಲಾಳಿಗೇ ಸವೆದುಹೋಗಿದ್ದವು. "ಹೊಸ ಲಾಳಿ ಬರುತ್ತೆ. ಮಾಲೀಕರು ಬರೆದಿದ್ದಾರೆ. ಬರೋ ತನಕ ಇರೋದ್ರಲ್ಲೇ ಮಾಡಬೇಕು. ನಾನೇನು ಸೇಬಿನ ಮರದಿಂದ ಕಿತ್ತು ತರಲಾ?"

"ನಮ್ಮ ಯುದ್ಧದ ಹಡಗುಗಳು ಭೂಮಿ ಸುತ್ತಿ ಬಂದ್ವು," ಎಂದಳು ಎಕ್ಸಿಲ್ದಾ. "ಎರಡು ಸಮುದ್ರ ಕೂಡಿಸೋಕೆ ಕಾಲುವೆ ಅಗೀತಿದ್ದಾರೆ. ಒಂದು ತುಂಡು ಮರ ಮಾತ್ರ ಈ ಮೆಟ್ಟಿಲು ಹತ್ತಲ್ಲ!"

ಎಲ್ಲರೂ ನಕ್ಕರು. ದೆಲಿಮಾ ಕರಪತ್ರವನ್ನು ಮಡಿಸಿ ಕೈಯಲ್ಲೇ ಹಿಡಿದುಕೊಂಡಳು. ಓದಲು ಬಾರದು. ಆದರೆ ಅದು ಹೇಳುವುದು ಅವಳಿಗೆ ಕ್ರಿಸ್ಮಸ್ಸಿನಿಂದಲೇ ಗೊತ್ತಿತ್ತು. ಅಂದು ಬೆಳಗಿನ ಪೂಜೆಯಿಂದ ಬರುವಾಗ ಹಿಮದ ಮೇಲೆ ಉಗುಳಿದ್ದು ಕೆಂಪಗಿತ್ತು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ. ಗಿರಣಿಯ ಮನೆಯಲ್ಲಿ ಗಿರಣಿಗೆ ದುಡಿಯುವವರಿಗಷ್ಟೇ ಜಾಗ. ಕಲಿಯುವ ಹುಡುಗಿಯೊಬ್ಬಳ ಕೂಲಿಗೆ ಆ ಮನೆ ನಿಲ್ಲದು. ದಿನಾ ಸಂಜೆ ಜಪಮಾಲೆ ಹಿಡಿದು ದೇವಮಾತೆಯನ್ನು ಬೇಡಿದಳು: ಹುಡುಗಿಗೆ ಸ್ವಂತ ಮಗ್ಗ ಸಿಗಲಿ, ಆಮೇಲೆ ಹೇಳುತ್ತೇನೆ. ದಿನಾ ಬೆಳಗ್ಗೆ ಮತ್ತೆ ಅದೇ ಲಾಳಿಗೆ ತುಟಿಯಿಟ್ಟಳು.

ಶುಭ ಶುಕ್ರವಾರದ ಸಂಜೆ ಚರ್ಚು ತುಂಬಿತ್ತು. ಹತ್ತಿಯ ಎಳೆಗಳನ್ನು ಕೂದಲಿನಿಂದ ಕೊಡವಿಕೊಂಡು ಎಲ್ಲರೂ ಗಿರಣಿಯಿಂದ ನೇರ ಬಂದಿದ್ದರು. ಫಾದರ್ ಶಿಲುಬೆ ಹಿಡಿದು ನಿಂತಿದ್ದರು. ಜನ ಸಾಲಾಗಿ ಬಂದು ಮೊಣಕಾಲೂರಿ ಸ್ವಾಮಿಯ ಪಾದಕ್ಕೆ ಮುತ್ತಿಡುತ್ತಿದ್ದರು. ಒಬ್ಬೊಬ್ಬರು ಎದ್ದಾಗಲೂ ಚರ್ಚಿನ ಮುದುಕ ಬಿಳಿ ಬಟ್ಟೆಯಿಂದ ಪಾದವನ್ನು ಒರೆಸುತ್ತಿದ್ದ. ಒಂದು ಮುತ್ತು, ಒಂದು ಒರಸು. ಒಂದು ಮುತ್ತು, ಒಂದು ಒರಸು.

ದೆಲಿಮಾ ಮೊಣಕಾಲೂರಿದಳು. ಹಿಂದೆ ಆಲ್ಬಿನಾಳ ಉಸಿರು ಕತ್ತಿಗೆ ತಗಲುತ್ತಿತ್ತು. ನನ್ನ ನಂತರ ಅವಳ ತುಟಿ, ಇಲ್ಲಿಯೂ. ಮಗ್ಗದ ಮುಂದೆ ಮುಚ್ಚಿಟ್ಟದ್ದು ಆ ಪಾದದ ಮುಂದೆ ಮುಚ್ಚಲಾಗಲಿಲ್ಲ. ಅವಳು ತಲೆಯೆತ್ತಿದಳು.

"ಏನಮ್ಮಾ?" ಎಂದು ಫಾದರ್ ಬಾಗಿ ಕೇಳಿದರು.

"ನಾನು ಬಾಯಿ ಇಡಬಾರದು ಫಾದರ್. ನನಗೆ ಕೆಮ್ಮಿದ್ರೆ ರಕ್ತ ಬರುತ್ತೆ."

ಮೆಲ್ಲನೆ ಹೇಳಿದ ಮಾತು. ಆದರೆ ತುಟಿ ಓದುವ ಊರು ಅದು. ಮುತ್ತಿಟ್ಟು ಮರಳುತ್ತಿದ್ದವರು ಓದಿಕೊಂಡರು, ಸಾಲಿನುದ್ದಕ್ಕೂ ಅದು ಗೊತ್ತಾಯಿತು. ಅವಳು ಹಣೆಯನ್ನು ನೆಲಕ್ಕೆ ತಾಗಿಸಿ ಎದ್ದಳು.

ಮನೆಯ ದಾರಿಯಲ್ಲಿ ಆಲ್ಬಿನಾ ಚಿಕ್ಕಮ್ಮನ ಪಕ್ಕದಲ್ಲಿ ನಡೆದಳು. ಬಟಾಣಿ ಸಾರಿನ ವಾಸನೆ ಬೀದಿಯುದ್ದಕ್ಕೂ ಹರಡಿತ್ತು.

"ಯಾವಾಗಿಂದ ಚಿಕ್ಕಮ್ಮ?"

"ಕ್ರಿಸ್ಮಸ್ಸಿಂದ."

"ನಾನು ಸೇರಿದ್ದು ಅದಾದ ಮೇಲೆ."

"ಹೂಂ."

ಹುಡುಗಿ ನಿಂತಳು. ಬೈಯುತ್ತಾಳೆಂದು ದೆಲಿಮಾ ಕಾದಳು, ಬೈದಿದ್ದರೆ ಹಗುರವಾಗುತ್ತಿತ್ತು. "ನಡಿ, ಚಳಿ," ಎಂದು ಆಲ್ಬಿನಾ ಅವಳ ಶಾಲನ್ನು ಎಳೆದು ಸರಿಪಡಿಸಿದಳು. ಅಷ್ಟರಲ್ಲಿ ಅವಳಿಗೂ ಒಂದು ಸಣ್ಣ ಕೆಮ್ಮು ಬಂತು. ಚಳಿಗಿರಬಹುದು. ಇಬ್ಬರೂ ಅದು ಕೇಳಿಸದವರಂತೆ ನಡೆದರು.

ಶನಿವಾರ ಬೆಳಗ್ಗೆ ಹ್ಯಾಲಿವೆಲ್ ಬಾಗಿಲಲ್ಲೇ ಕಾಯುತ್ತಿದ್ದ. ದೆಲಿಮಾಳ ಮುಖ ನೋಡದೆ ಹೇಳಿದ: "ನಿನ್ನಂಥ ಕೈ ಈ ಮಹಡೀಲಿ ಇನ್ನೊಂದಿಲ್ಲ. ನೀನು ಸುಮ್ನಿದ್ದಿದ್ರೆ ನಾನೂ ಸುಮ್ನಿರ್ತಿದ್ದೆ. ಈಗ ಎಲ್ಲರಿಗೂ ಗೊತ್ತಾಗಿದೆ."

"ನನ್ನ ಮಗ್ಗ ಆಲ್ಬಿನಾಗೇ ಕೊಡಿ ಮೇಸ್ತ್ರಿ. ಮನೆ ಉಳೀಲಿ. ಲಾಳಿ ಮಾತ್ರ ಬೇರೆ ಕೊಡಿ."

"ಮಗ್ಗ ಕೊಡ್ತೀನಿ. ಬೇರೆ ಲಾಳಿ ಎಲ್ಲಿಂದ ತರಲಿ? ಆ ಕಡೆ ಸಾಲಿನವು ತಂದ್ರೆ, ಅಲ್ಲಿ ಕೆಮ್ಮೋರಿಲ್ಲ ಅಂತ ನೀನು ಹೇಳ್ತೀಯಾ?"

ದೆಲಿಮಾ ಬೆಳಗಿನ ಜಾವ ಬಗ್ಗಿಸಿಟ್ಟಿದ್ದ ತಲೆಪಿನ್ನೊಂದನ್ನು ಆಲ್ಬಿನಾಳ ಕೈಗಿತ್ತಳು. "ಇದರ ತುದಿಗೆ ಕೊಕ್ಕೆ ಮಾಡಿದ್ದೀನಿ. ಇದರಲ್ಲಿ ಎಳಿ. ಬಾಯಿ ಇಡಬೇಡ ಮಗಾ, ನಿಮ್ಮಮ್ಮನ ಆಣೆ."

ಮಗ್ಗಗಳು ಹೊರಟವು. ಗೋಡೆಯ ಮೊಳೆಯಿಂದ ತನ್ನ ಹಳೆಯ ಏಪ್ರನ್ನನ್ನು ತೆಗೆದುಕೊಳ್ಳುತ್ತ ದೆಲಿಮಾ ಬಾಗಿಲ ಬಳಿ ನಿಂತಳು. ಮೊದಲ ಕಂಡಿಕೆ ಮುಗಿಯಿತು. ಆಲ್ಬಿನಾ ಪಿನ್ನನ್ನು ಲಾಳಿಯ ಕಣ್ಣಿನೊಳಗೆ ತೂರಿಸಿದಳು, ತಿರುಗಿಸಿದಳು, ನೂಲು ಸಿಗಲಿಲ್ಲ. ಮತ್ತೆ ತೂರಿಸಿದಳು. ಸಿಕ್ಕಿತು. ಅಷ್ಟರಲ್ಲಿ ಪಕ್ಕದ ಮಗ್ಗ ನಿಂತಿತು, ಅದರಾಚೆಯದೂ ನಿಂತಿತು. ಎಕ್ಸಿಲ್ದಾ ಓಡಿಬಂದು ಒಂದನ್ನು ಓಡಿಸಿಕೊಟ್ಟು, ತನ್ನದು ನಿಂತಿತೆಂದು ಓಡಿಹೋದಳು. ಹ್ಯಾಲಿವೆಲ್ ದೂರದಿಂದ ಆಲ್ಬಿನಾಳತ್ತ ಕೈಯೆತ್ತಿ, ನಿಂತ ಮಗ್ಗಗಳನ್ನೂ ಗಿರಣಿಯ ಮನೆಗಳಿದ್ದ ದಿಕ್ಕನ್ನೂ ತೋರಿಸಿದ. ಅದಕ್ಕೆ ತುಟಿ ಬೇಕಿರಲಿಲ್ಲ.

ಹುಡುಗಿ ಪಿನ್ನನ್ನು ಕೂದಲಿಗೆ ಸಿಕ್ಕಿಸಿಕೊಂಡಳು. ಬಾಗಿಲ ಕಡೆ ನೋಡಿ, ಸದ್ದಿಲ್ಲದೆ, ತುಟಿಗಳಲ್ಲಷ್ಟೇ ಅಂದಳು: ಚಿಕ್ಕಮ್ಮ, ಹೋಗು.

ದೆಲಿಮಾಗೆ ಕಾಲು ಕೀಳಲಾಗಲಿಲ್ಲ.

ಆಲ್ಬಿನಾ ಲಾಳಿಯನ್ನೆತ್ತಿಕೊಂಡಳು. ಏಪ್ರನ್ನಿನ ಅಂಚಿನಿಂದ ಅದರ ಕಣ್ಣನ್ನು ಮೆಲ್ಲಗೆ, ಚರ್ಚಿನ ಆ ಮುದುಕ ಒರೆಸಿದಂತೆಯೇ ಒಮ್ಮೆ ಒರೆಸಿದಳು. ಆಮೇಲೆ ತಲೆ ಬಾಗಿಸಿ ತುಟಿಯಿಟ್ಟಳು.