ಏಳು ನಿಮಿಷದ ಊಟ

ಚಾಲಕರ ಊಟದ ಬಿಡುವನ್ನು ಬಸ್ ಕಂಪನಿ ನಲವತ್ತು ನಿಮಿಷದಿಂದ ಹದಿನೈದಕ್ಕೆ ಇಳಿಸಿತು. ಡಿಪೋದ ಗೋಡೆಗೆ ಅಂಟಿಸಿದ ಸುತ್ತೋಲೆಯಲ್ಲಿ ಕಾರಣವೂ ಇತ್ತು: ನಮ್ಮ ಚಾಲಕರೊಬ್ಬರು ಏಳು ನಿಮಿಷದಲ್ಲಿ ಊಟ ಮುಗಿಸುತ್ತಾರೆ.

ಆ ಚಾಲಕನಿಗೆ ಬಹುಮಾನ ಬಂತು. ಹೆಂಡತಿಯೊಂದಿಗೆ ಪರದೇಶದ ಕಡಲತೀರದಲ್ಲಿ ಎಂಟು ದಿನ. ಚಳಿಗಾಲದಲ್ಲಿ ಅಲ್ಲಿಗೆ ಯಾರೂ ಹೋಗುವುದಿಲ್ಲ, ಎಲ್ಲವೂ ಅಗ್ಗ, ಅದಕ್ಕೇ ಕಳಿಸಿದರು. ಹೊರಡುವ ದಿನ ಮ್ಯಾನೇಜರ್ ಅವನ ಭುಜ ತಟ್ಟಿದ.

“ಆರನೇ ದಿನ ಮಧ್ಯಾಹ್ನ ಫೋನ್ ಮಾಡ್ತೀನಿ. ಕಾರ್ಮಿಕ ಇಲಾಖೆ ಅಧಿಕಾರಿ ನನ್ನ ಪಕ್ಕದಲ್ಲೇ ಇರ್ತಾರೆ. ನಿನ್ನ ಜೊತೆಯವರು ದೂರು ಕೊಟ್ಟಿದಾರಲ್ಲ, ಅದರ ವಿಚಾರಣೆ. ನೀನು ಹೇಳಬೇಕಾದ್ದು ಒಂದೇ ಮಾತು. ‘ಏಳು ನಿಮಿಷ ಸಾಕು ಸಾರ್, ನನಗೇನೂ ತೊಂದರೆ ಇಲ್ಲ.’ ಅಷ್ಟೇ. ಆಮೇಲೆ ಸಮುದ್ರ ನೋಡ್ಕೊಂಡು ಮಜಾ ಮಾಡು.”

“ಆಗಲಿ ಸಾರ್” ಎಂದಿದ್ದ ಡ್ರೈವರ್. ಇಪ್ಪತ್ತಾರು ವರ್ಷಗಳಲ್ಲಿ ಅವನು ಮ್ಯಾನೇಜರಿಗೆ ಹೇಳಿದ ಮಾತೆಲ್ಲ ಸೇರಿಸಿದರೂ ಅಷ್ಟೇ.

ಅಷ್ಟು ಬೇಗ ತಿನ್ನುವುದನ್ನು ಅವನು ಹೆಸರಿಗಾಗಿ ಕಲಿತವನಲ್ಲ. ಬಸ್ಸು ಊಟದ ನಿಲ್ದಾಣಕ್ಕೆ ಯಾವತ್ತೂ ತಡವಾಗಿಯೇ ಬರುತ್ತಿತ್ತು. ಕಿಟಕಿಯಲ್ಲಿ ಮಕ್ಕಳು ಅಳುತ್ತಿದ್ದರು, ಮುದುಕರು ಗೊಣಗುತ್ತಿದ್ದರು. ಪಾಪ, ಕಾಯುತ್ತಾರಲ್ಲ ಎಂದು ಅವನು ಬಿಸಿ ಅನ್ನಕ್ಕೆ ಒಂದು ಲೋಟ ತಣ್ಣೀರು ಸುರಿದು, ಕಲಸಿ, ನುಂಗಿ ಎದ್ದುಬಿಡುತ್ತಿದ್ದ. ಡಿಪೋದಲ್ಲಿ ‘ಏಳ್ನಿಮಿಷ’ ಎಂದೇ ಅಡ್ಡಹೆಸರು. ಸುತ್ತೋಲೆ ಬಂದ ಮೇಲೆ ಆ ಹೆಸರನ್ನು ಯಾರೂ ನಗುತ್ತಾ ಕರೆಯಲಿಲ್ಲ. ಅವನಿಗೆ ಕೈಹಿಡಿದು ಬಸ್ಸು ಕಲಿಸಿದ ಗೇರಣ್ಣ, ಹೊಟ್ಟೆಹುಣ್ಣಿನ ಹಿರಿಯ ಚಾಲಕ, ಒಂದೇ ಮಾತು ಹೇಳಿ ಬೆನ್ನು ತಿರುಗಿಸಿದ: “ನಿನ್ನ ಬಾಯಿ ನಮ್ಮೆಲ್ಲರ ತಟ್ಟೆ ಕಿತ್ಕೊಳ್ತು ಕಣೋ.”

ಕಡಲತೀರದಲ್ಲಿ ಅವರಿಗೆ ಸಿಕ್ಕಿದ್ದು ಮಹಡಿಯ ಮೇಲಿನ ಪುಟ್ಟ ಕೋಣೆ. ಉಪ್ಪುಗಾಳಿಗೆ ಮಬ್ಬಾದ ಕಿಟಕಿ, ಟಕಟಕ ಎನ್ನುವ ಹೀಟರ್. ಹೆಂಡತಿ ಸ್ಕೂಲು ಮಕ್ಕಳ ಯೂನಿಫಾರ್ಮ್ ಹೊಲಿಯುವವಳು. ಬಂದ ಮೊದಲ ಗಂಟೆಯಲ್ಲೇ ಪರದೆಯ ಅಂಚು ಬಿಚ್ಚಿರುವುದನ್ನು ಕಂಡು, ಕೈಚೀಲದಿಂದ ಸೂಜಿ ತೆಗೆದು ಹೊಲಿದುಬಿಟ್ಟಳು.

“ರಜಕ್ಕೆ ಬಂದಿದೀವಿ ಕಣೇ.”

“ಕಣ್ಣಿಗೆ ರಜಾ ಕೊಡೋಕಾಗುತ್ತಾ?”

ಬೆಳಿಗ್ಗೆ ಇಬ್ಬರೂ ಶಾಲು ಸ್ವೆಟರುಗಳಲ್ಲಿ ಉಂಡೆಕಟ್ಟಿಕೊಂಡು ಹೋಗಿ ಮರಳಲ್ಲಿ ಕುರ್ಚಿ ಹಾಕಿ ಕೂತರು. ದೂರದಲ್ಲಿ ಒಂದು ನಾಯಿ ಬಿಟ್ಟರೆ ನರಪಿಳ್ಳೆಯಿಲ್ಲ. ಹಿಂದಕ್ಕೆ ಒರಗುವ ಕುರ್ಚಿಯಲ್ಲೂ ಡ್ರೈವರ್ ಸೆಟೆದೇ ಕೂತಿದ್ದ. ಅಲೆಯೊಂದು ಏರಿ ಬಂದಾಗಲೆಲ್ಲ ಅವನ ಬಲಗಾಲು ತಾನಾಗಿ ಮರಳನ್ನು ಒತ್ತುತ್ತಿತ್ತು. ಹೆಂಡತಿ ಸ್ವಲ್ಪ ಹೊತ್ತು ನೋಡಿದಳು.

“ರೀ, ಸಮುದ್ರಕ್ಕೂ ಬ್ರೇಕ್ ಹಾಕ್ತೀರಾ?”

ಕಾಲು ಎಳೆದುಕೊಂಡ. ಮುಂದಿನ ಅಲೆಗೆ ಮತ್ತೆ ಒತ್ತಿದ. ಅವಳು ನಕ್ಕು, ತನ್ನ ಎಡಗಾಲನ್ನು ಅವನ ಪಾದದ ಮೇಲಿಟ್ಟು ಅಲ್ಲಿಯೇ ಬಿಟ್ಟಳು.

ಮಧ್ಯಾಹ್ನದ ಊಟಕ್ಕೆ ಬಾಗಿಲು ತೆರೆದಿದ್ದದ್ದು ಒಂದೇ ಕಡೆ. ನಾಲ್ಕು ಮೇಜಿನ ಹೋಟೆಲು, ಅಡುಗೆ ಬಡಿಸುವಿಕೆ ಎರಡೂ ಒಬ್ಬಳೇ ಅಜ್ಜಿಯದು. ಅವಳ ಮಾತು ಇವರಿಗೆ ಬಾರದು, ಇವರದ್ದು ಅವಳಿಗೆ ತಿಳಿಯದು. ಸೂಪು ಬಂತು, ಬ್ರೆಡ್ಡು ಬಂತು. ಡ್ರೈವರ್ ಸೂಪಿಗೆ ತಣ್ಣೀರು ಸುರಿದು, ಬ್ರೆಡ್ಡು ಅದ್ದಿ ನುಂಗಿ, ಬಾಯಿ ಒರೆಸಿ, ಕೋಟು ಹಾಕಿಕೊಂಡು ಹೊರಗೆ ಹೋಗಿ ನಿಂತ. ಹೆಂಡತಿಗೆ ಇನ್ನೂ ಎರಡು ಚಮಚ ಆಗಿತ್ತಷ್ಟೇ. ಆಗ ಅಜ್ಜಿ ಒಳಗಿನಿಂದ ಹುರಿದ ಮೀನಿನ ಎರಡು ತಟ್ಟೆ ಹಿಡಿದು ಬಂದಳು. ಅಲ್ಲಿ ಊಟ ಒಂದೊಂದಾಗಿ ಬರುತ್ತದೆಂದು ಇವರಿಗೇನು ಗೊತ್ತು? ಖಾಲಿ ಕುರ್ಚಿ ನೋಡಿ ಅಜ್ಜಿಯ ಮುಖ ಬಾಡಿತು. ಎದೆ ಮುಟ್ಟಿಕೊಂಡು, ತಟ್ಟೆ ತೋರಿಸಿ, ಕೆಟ್ಟಿದೆಯೇ ಎಂದು ಕಣ್ಣಲ್ಲೇ ಕೇಳಿದಳು.

ಹೆಂಡತಿ ನಾಚಿ ನೀರಾಗಿ ಎರಡೂ ತಟ್ಟೆ ಖಾಲಿ ಮಾಡಿದಳು. ಆಮೇಲೆ ಬೇಯಿಸಿದ ಸೇಬು ಬಂತು. ಅದೂ ಎರಡು.

“ನಿಮ್ಮಿಂದ ನನ್ನ ಹೊಟ್ಟೆ ಬಿರಿಯೋ ಹಾಗಾಗಿದೆ” ಎಂದಳು ಹೊರಗೆ ಬಂದು. “ಸೂಪಿಗೇ ಕೊನೇ ನಿಲ್ದಾಣ ಬಂದಾಯ್ತು ಅಂದ್ಕೊಂಡ್ರಾ?”

ಮರುದಿನ ಒಳಗೆ ಕಾಲಿಡುತ್ತಲೇ ಅಜ್ಜಿ ಅವನ ಕೋಟು ಬಿಚ್ಚಿಸಿಕೊಂಡು ಹೋಗಿ ಅಡುಗೆಮನೆಯ ಮೊಳೆಗೆ ನೇತುಹಾಕಿದಳು. ಹೊರಗೆ ಹಲ್ಲು ಕಡಿಯುವ ಚಳಿ. ಕೋಟು ಇಲ್ಲದೆ ಹೋಗುವುದೆಲ್ಲಿಗೆ? ಸೂಪು ಮುಗಿಸಿ ಅವನು ಕೈ ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ತುದಿಯನ್ನು ಸ್ಟೀರಿಂಗ್ ಹಿಡಿದಂತೆ ಹಿಡಿದುಕೊಂಡ. ಬೇರೆ ಕೆಲಸವಿಲ್ಲದೆ ಹೆಂಡತಿ ಉಣ್ಣುವುದನ್ನು ನೋಡಿದ. ಅವಳು ಪ್ರತಿ ತುತ್ತಿಗೂ ಮೊದಲು ಒಂದು ಕ್ಷಣ ಬಿಸಿಗೆ ಊದುತ್ತಾಳೆ. ಇಷ್ಟವಾದದ್ದನ್ನು ತಟ್ಟೆಯ ಅಂಚಿಗೆ ಸರಿಸಿ ಕೊನೆಗೆ ಉಳಿಸಿಕೊಳ್ಳುತ್ತಾಳೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು, ಇದು ಅವನಿಗೆ ಗೊತ್ತಿರಲಿಲ್ಲ.

ಮೂರನೇ ದಿನ ಹದಿನೆಂಟು ನಿಮಿಷ. ನಾಲ್ಕನೇ ದಿನ ಅರ್ಧ ಗಂಟೆ. ಸಂಜೆಗೆ ಕೋಣೆಯಲ್ಲೇ ಮೊಟ್ಟೆ ಬೇಯಿಸಿಕೊಂಡು, ಕಂಬಳಿಯೊಳಗೆ ಕಾಲು ಸೇರಿಸಿ, ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಉಂಡರು. ಸಿಪ್ಪೆ ಸುಲಿಯಲು ಅವನಿಗೆ ಬರುತ್ತಿರಲಿಲ್ಲ. ಅವಳು ತೋರಿಸಿಕೊಟ್ಟಳು.

“ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ” ಎಂದಳು ಐದನೇ ಸಂಜೆ. “ನಾನು ಮಾಡಿದ್ದು ಹೇಗಿರುತ್ತೆ ಅಂತ ಯಾವತ್ತಾದ್ರೂ ಹೇಳಿದೀರಾ?”

“ಬಿಡದೆ ತಿಂತಿದ್ನಲ್ಲ.”

“ಬಸ್ಸಿಗೆ ಡೀಸೆಲ್ ಹಾಕಿದ ಹಾಗೆ. ಮನೇಲೂ ತಣ್ಣೀರು ಸುರ್ಕೋತೀರಿ. ನಾನು ಒಲೆ ಮುಂದೆ ಎರಡು ಗಂಟೆ ನಿಂತು ಬಿಸಿ ಮಾಡಿದ್ದನ್ನ ನೀವು ಒಂದು ಲೋಟದಲ್ಲಿ ಆರಿಸ್ತೀರಿ. ಎದುರಿಗೇ ಕೂತಿದ್ರೂ ನಾನು ಒಬ್ಬಳೇ ಉಂಡ ಹಾಗೆ.”

ಅವನು ಬಹಳ ಹೊತ್ತು ಮೊಟ್ಟೆಯ ಸಿಪ್ಪೆಗಳನ್ನು ಒಂದರೊಳಗೊಂದು ಇಡುತ್ತಿದ್ದ.

“ನಾಳೆ ಫೋನು ಬರುತ್ತೆ” ಎಂದ. “ಹೇಳದೇ ಹೋದ್ರೆ ನನ್ನ ರೂಟ್ ಕಿತ್ತು ಬಸ್ಸು ತೊಳೆಯೋ ಶೆಡ್ಡಿಗೆ ಹಾಕ್ತಾರೆ. ಹೇಳಿದ್ರೆ ಗೇರಣ್ಣನ ಹೊಟ್ಟೆ...” ಅಲ್ಲಿಗೇ ನಿಲ್ಲಿಸಿದ. “ನೀನೇನ್ ಹೇಳ್ತೀಯ?”

“ನಾನು ಹೇಳಿದ್ದನ್ನ ಹೇಳಿದ್ರೆ ಅದು ನನ್ನ ಮಾತಾಗುತ್ತೆ. ನಾಳೆ ಊಟಕ್ಕೆ ಹೋಗೋಣ. ಹಸಿವಿಟ್ಕೊಂಡು ಬನ್ನಿ.”

ಆರನೇ ದಿನ ಕಿಟಕಿಗೆ ಮಂಜು ಕವಿದಿತ್ತು. ಅಜ್ಜಿ ಕೋಟು ಕೇಳುವ ಮೊದಲೇ ಡ್ರೈವರ್ ತಾನೇ ಬಿಚ್ಚಿ ಕೊಟ್ಟ. ಸೂಪಿನಿಂದ ಹಬೆ ಏಳುತ್ತಿತ್ತು. ಅವನ ಕೈ ಅಭ್ಯಾಸದಂತೆ ನೀರಿನ ಲೋಟಕ್ಕೆ ಹೋಯಿತು, ಅಲ್ಲೇ ನಿಂತಿತು. ಲೋಟವನ್ನು ಹೆಂಡತಿಯ ಕಡೆಗೆ ಸರಿಸಿ, ಚಮಚ ಎತ್ತಿ ಊದಿದ. ಮೊದಲ ಗುಟುಕಿಗೆ ನಾಲಿಗೆ ಚುರುಕ್ಕೆಂದಿತು. ಎರಡನೆಯದಕ್ಕೆ ಈರುಳ್ಳಿ ತಿಳಿಯಿತು. ಆಮೇಲೆ ಬೆಣ್ಣೆ. ಕೊನೆಗೆ, ಗಂಟಲಿಳಿದ ಮೇಲೆ, ಏನೋ ಒಂದು ಮೆಣಸು.

“ಮೆಣಸು ಹಾಕಿದಾಳೆ” ಎಂದ, ಕಳ್ಳನನ್ನು ಹಿಡಿದವನಂತೆ.

“ಮೊದಲ ದಿನದಿಂದ ಹಾಕ್ತಿದಾಳೆ.”

“ನೀನೂ ಹಾಕ್ತೀಯಲ್ಲ, ಕೊನೇಲಿ?”

ಹೆಂಡತಿ ಚಮಚ ಕೆಳಗಿಟ್ಟಳು. ಅವಳ ಕಣ್ಣು ತುಂಬಿದ್ದು ಹಬೆಗೋ ಏನೋ, ಸೆರಗಿನಿಂದ ಒರೆಸಿಕೊಂಡಳು. “ಹೂಂ. ಹಾಕ್ತೀನಿ.”

ಸೂಪಾಯಿತು. ಆಲೂಗೆಡ್ಡೆಯಾಯಿತು. ಮಾತಾಡುತ್ತಾ ಇಬ್ಬರೂ ಬ್ರೆಡ್ಡಿನ ಕೊನೆಯ ತುಂಡನ್ನು ಹರಿದು ಹಂಚಿಕೊಳ್ಳುವಾಗ ಫೋನು ಬಡಿದುಕೊಂಡಿತು. ಹೆಂಡತಿಯ ಕೈ ಗಾಳಿಯಲ್ಲೇ ನಿಂತಿತು.

“ಅಧಿಕಾರಿಗಳು ಪಕ್ಕದಲ್ಲೇ ಇದಾರೆ, ಸ್ಪೀಕರ್ ಹಾಕಿದೀನಿ” ಎಂದ ಮ್ಯಾನೇಜರ್, ಜೇನು ಸುರಿಯುವ ದನಿಯಲ್ಲಿ. “ಏನಪ್ಪಾ, ಊಟ ಆಯ್ತಾ?”

“ಇಲ್ಲ ಸಾರ್. ಮಾಡ್ತಾ ಇದೀನಿ.”

“ಹಾಗಾದ್ರೆ ಏಳು ನಿಮಿಷ ಬಿಟ್ಟು ಮಾಡ್ಲಾ?” ಆ ಕಡೆಯಿಂದ ನಗು ಕೇಳಿಸಿತು.

“ಕೂತು ಮುಕ್ಕಾಲು ಗಂಟೆ ಆಯ್ತು ಸಾರ್. ಮೀನು ಇನ್ನೂ ಬರಬೇಕು.”

ನಗು ನಿಂತಿತು. ಯಾರೋ ಕಾಗದ ಮಗುಚಿದ ಸದ್ದು.

“ರಜದಲ್ಲಿದಾನೆ ನೋಡಿ ಸಾರ್, ತಮಾಷೆ ಮಾಡ್ತಾನೆ” ಎಂದು ಮ್ಯಾನೇಜರ್ ಆ ಕಡೆಗೆ ಹೇಳಿ, ಈ ಕಡೆಗೆ ದನಿ ಬಿಗಿಮಾಡಿದ. “ಸರಿಯಾಗಿ ಹೇಳು. ಡ್ಯೂಟೀಲಿ ನಿನಗೆ ಏಳು ನಿಮಿಷ ಸಾಕು ತಾನೇ? ಸಾಕು ಅನ್ನು.”

ಅಜ್ಜಿ ಎರಡು ತಟ್ಟೆ ತಂದಿಟ್ಟಳು. ಮೀನು ಇನ್ನೂ ಚುಂಯ್‌ಗುಡುತ್ತಿತ್ತು. ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು, ಉಣ್ಣದೆ.

ಅವನು ಫೋನನ್ನು ತಟ್ಟೆಯ ಪಕ್ಕಕ್ಕಿಟ್ಟು, ಮೀನಿನ ತುದಿ ಮುರಿದು, ಊದಿದ.

“ಅನ್ನಲ್ಲ ಸಾರ್.”